ಪ್ಲಸ್ಸೇ ನೆಲ

ಬಾನೆಟ್ ಎತ್ತಿದೆ.
ಬ್ಯಾಟರಿಯ ಪ್ಲಸ್ ತಲೆಯಿಂದ ಹೊರಟ ಹೆಣೆದ ಪಟ್ಟಿ
ನೆಟ್ಟಗೆ ಹೋಗಿ ಬಾಡಿಗೆ ಬೋಲ್ಟಾಗಿತ್ತು.
ಮೈನಸ್ಸೇ ಇಲ್ಲಿ ಜೀವದ ತಂತಿ.
ಇಲಿಯಾಜ್ ನಕ್ಕ: "ಯಾರೋ ಉಲ್ಟಾ ಹಾಕವ್ರೆ, ಅಣ್ಣ."
ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡೆ.
ಉಲ್ಟಾ ಅಲ್ಲ ಮರಿ, ಆಗ ಇದೇ ಸೀದಾ.
ಐವತ್ನಾಲ್ಕರ ಮಾರಿಸ್ ಮೈನರು.
ಇಡೀ ಮಂಡಿ ಮೊಹಲ್ಲಾ ಮೈನಸ್ಸನ್ನು ನೆಲಕ್ಕೆ ಕಟ್ಟಿದ ಮೇಲೂ
ತನ್ನ ನೆಲ ಪ್ಲಸ್ಸೇ ಎಂದು
ನಾಲ್ಕು ಚಕ್ರದ ಮೇಲೆ ಕೂತಿದೆ.

ಗಾಡಿ ಚೆಲುವಾಜಮ್ಮಣ್ಣಿಯವರದು.
ಸರಸ್ವತೀಪುರದಲ್ಲಿ ಇಪ್ಪತ್ತೆಂಟು ವರ್ಷ
ಡ್ರೈವಿಂಗ್ ಸ್ಕೂಲು ನಡೆಸಿದವರು.
ನನ್ನ ಹೆಂಡತಿಯ ಅಕ್ಕನೂ ಈ ಕ್ಲಚ್ಚು ಸುಟ್ಟವಳೇ.
ಬೆಟ್ಟದ ರಸ್ತೆಯಲ್ಲಿ, ನಂದಿಗೆ ಒಂದು ತಿರುವು ಕೆಳಗೆ,
ಹ್ಯಾಂಡ್‌ಬ್ರೇಕ್ ಹಿಡಿದು ಎಷ್ಟು ಹೆಂಗಸರು ಅತ್ತರೋ
ಲೆಕ್ಕವಿಟ್ಟವರಿಲ್ಲ.

ಸ್ಟೀರಿಯೋ ಡಬ್ಬಿ ನನ್ನ ಮುಂದಿಟ್ಟು ಅಂದರು:
"ಡ್ಯಾಶ್ ಕೊರೀಬೇಡಿ. ಪ್ಲಸ್ಸು ಮೈನಸ್ಸು ಅದಲು ಬದಲು ಮಾಡ್ಬೇಡಿ.
ಗಾಡಿಗೆ ಎಪ್ಪತ್ತು ವರ್ಷ,
ಈ ಪೆಟ್ಟಿಗೆಗೆ ಎಪ್ಪತ್ತು ದಿನ ಆಗಿಲ್ಲ.
ಹೊಂದಿಕೋಬೇಕಾದ್ದು ಯಾರು, ನೀವೇ ಹೇಳಿ."

ಪೆಟ್ಟಿಗೆಯ ತಗಡು ಮೈ ಪೂರ್ತಿ ಮೈನಸ್ಸು.
ಗಾಡಿಯ ತಗಡು ಮೈ ಪೂರ್ತಿ ಪ್ಲಸ್ಸು.
ಮಾತು ಬಿಟ್ಟ ಬೀಗರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಬೇಕು,
ಮೊಣಕೈಗೆ ಮೊಣಕೈ ತಾಗದ ಹಾಗೆ.
ಹಳೇ ಸೈಕಲ್ ಟ್ಯೂಬು ಸೀಳಿ ಸುತ್ತಲೂ ಸುತ್ತಿದೆ.
ಸ್ಕ್ರೂಗಳಿಗೂ ರಬ್ಬರು.
ಆಂಟೆನಾದ ಬುಡಕ್ಕೊಂದು ಬೇಕಲೈಟ್ ಬಿಲ್ಲೆ.
ಕಪ್ಪು ವೈರನ್ನು ಫ್ಯೂಸು ದಾಟಿಸಿ ಕೀಲಿಯ ಬೆನ್ನಿಗೆ,
ಕೆಂಪು, ಹಳದಿ ಎರಡನ್ನೂ ಹೊಸೆದು ಬಾಡಿಗೆ.
ಕೈ ಒಪ್ಪಲಿಲ್ಲ.
ಮೂವತ್ತೊಂದು ವರ್ಷ ಕೆಂಪನ್ನು ಕಾದ ಬೆರಳು
ಅದನ್ನೇ ತಗಡಿಗೆ ಬಿಗಿಯುವಾಗ
ತಾನಾಗಿ ಹಿಂದೆ ಸರಿಯಿತು.

ಮೊದಲ ಫ್ಯೂಸು ನನ್ನ ವಾಚಿನ ಚೈನಿಗೆ ಹೋಯಿತು.
ಎರಡನೆಯದು, ಆಂಟೆನಾ ಕೇಬಲಿನ ಹೆಣಿಗೆಯನ್ನು
ಇಲಿಯಾಜ್ ಮಡ್‌ಗಾರ್ಡಿಗೆ ತಾಗಿಸಿದ್ದಕ್ಕೆ.
ಚಟ್.
ಎದುರಿನ ಈರುಳ್ಳಿ ಮಂಡಿಯ ಹಮಾಲಿ ಕಣ್ಣು ಬಿಟ್ಟು ನೋಡಿ
ಮತ್ತೆ ಮೂಟೆಗೆ ಒರಗಿದ.

ನನಗೆ ಕೆಲಸ ಕಲಿಸಿದ ಮುನೀರ್ ಉಸ್ತಾದರು
ಅರ್ತ್ ಅನ್ನುತ್ತಿರಲಿಲ್ಲ, ಅರ್ಥ ಅನ್ನುತ್ತಿದ್ದರು.
"ಅರ್ಥ ಸರಿ ಕೂತಿಲ್ಲ ಕಣೋ, ಅದಕ್ಕೇ ದೀಪ ಮಂಕು."
ಬಣ್ಣ ಕೆರೆದು, ತುಕ್ಕು ಕೆರೆದು,
ತಗಡು ಬೆಳ್ಳಗೆ ಹಲ್ಲು ತೋರಿಸುವ ತನಕ ಉಜ್ಜಿ
ಆಮೇಲೆ ಬೋಲ್ಟು.
ಇವತ್ತಿಗೂ ಬಿಲ್ಲು ಬರೆಯುವಾಗ
ಎರಡರಲ್ಲಿ ಯಾವುದು ಬರೆದೆನೆಂದು ನನಗೇ ತಿಳಿಯುವುದಿಲ್ಲ.

ಸಂಜೆ ಕೀಲಿ ತಿರುಗಿಸಿದೆ. ನೀಲಿ ಬೆಳಕು.
ಯಾದವಗಿರಿಯಿಂದ ಆಕಾಶವಾಣಿ:
ಮಂಡ್ಯದ ಅಚ್ಚು ಬೆಲ್ಲದ ಧಾರಣೆ ಓದುವ ಹೆಣ್ಣು ದನಿ.
ಎಂಜಿನ್ ಎಬ್ಬಿಸಿದೆ.
ಬೆಲ್ಲದ ಹಿಂದೆ ಸಣ್ಣದೊಂದು ಗುಂಯ್,
ಆಕ್ಸಿಲರೇಟರ್ ಒತ್ತಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ.
ಅಷ್ಟು ರಬ್ಬರು ಸುತ್ತಿದರೂ ಡೈನಮೋ ಒಳಗೆ ನುಸುಳಿದೆ.
ನಾಚಿಕೆಯಾಯಿತು. ಜೇಬಿನಿಂದ ಕಂಡೆನ್ಸರ್ ತೆಗೆದೆ.
"ಹತ್ತು ನಿಮಿಷ ಅಮ್ಮ. ಇದು ಹಾಕಿದ್ರೆ ಸದ್ದು ಸತ್ತೇ ಹೋಗುತ್ತೆ."

ಅವರು ಬಲಗಿವಿಯನ್ನು ಸ್ಪೀಕರಿಗೆ ವಾಲಿಸಿದರು.
"ಗೇರು ಹಾಕೋದು ಕಣ್ಣಿಂದಲ್ಲ, ಕಿವಿಯಿಂದ ಅಂತ
ಸಾವಿರ ಹುಡುಗೀರಿಗೆ ಬೈದಿದೀನಿ.
ಎರಡು ವರ್ಷದಿಂದ ಎಂಜಿನ್ನು ಪಕ್ಕದ ಬೀದೀಲಿ
ಓಡ್ತಿದ್ದ ಹಾಗೆ ಕೇಳ್ತಿತ್ತು.
ಈಗ ಮನೆಗೆ ಬಂತು. ಬಿಡಿ."

ಕೀಲಿ ತೆಗೆದರೆ ಪೆಟ್ಟಿಗೆ ಸ್ಟೇಷನ್ನು ಮರೆಯುತ್ತದೆ ಎಂದೆ.
"ನನಗೆ ನೆನಪಿರುತ್ತಲ್ಲ" ಎಂದು ಕೂತು ಹೊರಟರು.

ಟ್ಯೂಬಿನ ದುಡ್ಡು ಬಿಲ್ಲಿನಲ್ಲಿ ಮರೆತೆ.
ಕಂಡೆನ್ಸರ್ ಜೇಬಿನಲ್ಲೇ ಉಳಿಯಿತು.
ಅಶೋಕ ರಸ್ತೆಯ ಮೂಲೆಯ ತನಕ,
ಇಳಿಸಿದ ಗಾಜಿನಿಂದ ಆ ಗುಂಯ್ ಏರುತ್ತಾ ಹೋಗಿ
ಎರಡರಿಂದ ಮೂರಕ್ಕೆ ಎಲ್ಲಿ ಇಳಿಯಬೇಕೋ
ಅಲ್ಲೇ ಇಳಿಯಿತು.