ಒಂದರ ತಗಡು

ಅರ್ಬ್ರೋತ್ ಮೈದಾನಕ್ಕೂ ಸಮುದ್ರಕ್ಕೂ ನಡುವೆ
ಒಂದು ಗೋಡೆ, ಅಷ್ಟೆ.
ಅಲೆ ಎದ್ದ ದಿನ ಕಾರ್ನರ್ ಬಾವುಟ ನೆಕ್ಕಿದರೆ ಉಪ್ಪು.
ಕರೆಂಟಿನ ಸ್ಕೋರುಬೋರ್ಡು ಕೆಟ್ಟು ಎರಡು ಚಳಿಗಾಲ.
ಹಾಗಾಗಿ ಒಂದು ಏಣಿ, ನಾಲ್ಕು ಕೊಕ್ಕೆ, ತಗಡಿನ ಅಂಕಿಗಳು,
ಮತ್ತು ನಾನು:
ಬೆಳಿಗ್ಗೆ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸಿ
ಮಧ್ಯಾಹ್ನ ರಜೆ ಹಾಕಿ
ಹದಿನೇಳರೊಳಗಿನ ಹುಡುಗಿಯರ ಗೋಲು ಎಣಿಸಲು ಬಂದವಳು.

ಗುಂಪಿನಲ್ಲಿ ನಾಲ್ಕು ದೇಶ, ಮುಂದಿನ ಸುತ್ತಿಗೆ ಎರಡು.
ಸ್ಕಾಟ್ಲೆಂಡ್, ಸ್ಲೊವೇನಿಯಾ, ಜಾರ್ಜಿಯಾ,
ಆಮೇಲೆ ಫೇರೋ ದ್ವೀಪಗಳು.
ನಕ್ಷೆಯಲ್ಲಿ ಹುಡುಕಿದರೆ ನೀಲಿಯ ಮೇಲೆ ಚೆಲ್ಲಿದ ಸಾಸಿವೆ.
ನನ್ನ ಪಾಲಿಗೆ ಬಂದದ್ದು ಮೂರೂ ದಿನ ಅವರ ಆಟವೇ.
ಮೊದಲ ದಿನ ಅವರ ಮೇಲೆ ಏಳು. ಎರಡನೆಯ ದಿನ ಐದು.
ಅವರ ಕೊಕ್ಕೆಯಲ್ಲಿ ಒಂದೇ ಸೊನ್ನೆ
ಗಾಳಿಗೆ ಕಿರ್ರೆನ್ನುತ್ತ ತೂಗುತ್ತಿತ್ತು;
ಇಳಿಸುವ ಕೆಲಸವೇ ಬೀಳಲಿಲ್ಲ.

ನಮ್ಮ ಬೀದಿಯ ಲಗೋರಿಗೆ ಅಕ್ಕಂದಿರು
ನನ್ನನ್ನು ಸೇರಿಸಿಕೊಂಡಿದ್ದೂ ಹೀಗೇ:
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಔಟಾದರೂ ಔಟಲ್ಲ, ಹೊಡೆದರೂ ಹೊಡೆದಂತಲ್ಲ.
ತರಚಿದ ಮೊಣಕಾಲು ಮಾತ್ರ
ಎಲ್ಲರದರಷ್ಟೇ ಉರಿಯುತ್ತಿತ್ತು.

ಬಿಡುವಿನ ದಿನ ಅವರ ಗೋಲ್‌ಕೀಪರ್ ಅಂಗಡಿಗೆ ಬಂದಳು,
ಬೆರಳಿಗೆ ಸುತ್ತುವ ಪಟ್ಟಿ ಬೇಕಂತೆ. ಹೆಸರು ರಾನ್ವಾ.
ಇಲ್ಲಿಯ ಗಾಳಿ ತುಂಬ ಕಾಡಿತೇ, ಅಂದೆ.
'ಇದು ಗಾಳಿಯಾ? ನಮ್ಮಲ್ಲಿ ಇಂಥ ದಿನ ಬಟ್ಟೆ ಒಣಗಿಸ್ತಾರೆ.'
ಚಿಲ್ಲರೆ ಎಣಿಸಿಕೊಂಡು, ಬಾಗಿಲಲ್ಲಿ ತಿರುಗಿ,
'ಮೂವತ್ತೊಂದು ತಡೆದಿದೀನಿ, ಗೊತ್ತಾ?
ಅದಕ್ಕೆ ನಿಮ್ಮ ಹತ್ರ ತಗಡಿಲ್ಲ.'

ಕೊನೆಯ ದಿನ ಎರಡು ಊರಲ್ಲಿ ಒಂದೇ ಹೊತ್ತಿಗೆ ಎರಡು ಆಟ.
ಅತ್ತ ಮಾಂಟ್ರೋಸಿನಲ್ಲಿ ಸ್ಲೊವೇನಿಯಾ ಒಂದು ಗೋಲಿಗೆ ಸೋಲುತ್ತಿದೆ.
ಇತ್ತ ಜಾರ್ಜಿಯಾಕ್ಕೆ ಐದು ಬೇಕು.
ಹುಲ್ಲು ಕತ್ತರಿಸುವ ಪೆಟ್ರಿ ಮುದುಕ
ಏಣಿಯ ಬುಡದಲ್ಲಿ ಫೋನು ಹಿಡಿದು ಲೆಕ್ಕ ಕೂಗುತ್ತಾನೆ:
ಅಂಕ ಸಮ, ಅವರವರ ನಡುವಿನ ಆಟ ಸಮ,
ಹೊಡೆದದ್ದರಲ್ಲಿ ಬಿಟ್ಟದ್ದು ಕಳೆದರೂ ಸಮ;
ಒಟ್ಟು ಹೊಡೆದದ್ದು ಇವರು ಏಳು, ಅವರು ಆರು.
ಎಪ್ಪತ್ತೊಂಬತ್ತನೆಯ ನಿಮಿಷಕ್ಕೆ ಐದರ ತಗಡು ಹಾಕಿದೆ.
ಜಾರ್ಜಿಯಾದ ಬೆಂಚು ಎದ್ದು ನಿಂತದ್ದು ಮತ್ತೆ ಕೂರಲಿಲ್ಲ.

ಎಂಬತ್ತಾರು. ಫೇರೋಗೆ ಒಂದು ಕಾರ್ನರ್.
ಚೆಂಡು ಏರಿತು, ಕಡಲ ಕಡೆ ಹೋಗುವಂತೆ ನಟಿಸಿತು,
ಗಾಳಿಗೆ ಏನನ್ನಿಸಿತೋ, ಹೊರಳಿತು,
ಯಾರ ತೊಡೆಗೋ ಯಾರ ಬೆನ್ನಿಗೋ ತಾಗಿ
ಒಳಗೆ.
ಯಾರು ಹೊಡೆದದ್ದೆಂದು ಹೊಡೆದವಳಿಗೂ ತಿಳಿಯದು.
ಆ ತುದಿಯಲ್ಲಿ ರಾನ್ವಾ ಒಬ್ಬಳೇ,
ತಬ್ಬಿಕೊಳ್ಳಲು ಹತ್ತಿರ ಯಾರೂ ಇಲ್ಲದೆ
ಗೋಲುಕಂಬವನ್ನೇ ತಬ್ಬಿಕೊಂಡಳು.

ನಾನು ಪೆಟ್ಟಿಗೆ ತಡಕಿದೆ.
ಅತಿಥಿಗಳ ಒಂದು, ತಳದಲ್ಲಿ,
ಹಳೆಯ ಬಣ್ಣ ಅಂಟಿ ಎರಡರ ಬೆನ್ನಿಗೆ ಕಚ್ಚಿಕೊಂಡಿದೆ.
ಉಗುರು ಹಾಕಿ ಎಬ್ಬಿದೆ, ಬರಲಿಲ್ಲ.
ಏಣಿಯ ಮೆಟ್ಟಿಲಿಗೆ ಬಡಿದೆ. ಬಂತು.
ಅಷ್ಟು ಹೊತ್ತು, ಹೆಚ್ಚೆಂದರೆ ಒಂದು ನಿಮಿಷ,
ಬೋರ್ಡಿನ ಲೆಕ್ಕದಲ್ಲಿ ಜಾರ್ಜಿಯಾ ಇನ್ನೂ ಮುಂದಿನ ಸುತ್ತಿನಲ್ಲಿತ್ತು.

ಆಮೇಲೆ ನಡೆದದ್ದು ತಲೆಕೆಳಗು.
ಐದು ಹೊಡೆದವರು ಹುಲ್ಲಿನ ಮೇಲೆ ಮುಖ ಮುಚ್ಚಿ ಬಿದ್ದರು.
ಐದು ತಿಂದವರು ಕೈಕೈ ಹಿಡಿದು ಸುತ್ತು ತಿರುಗಿದರು.
ಹದಿನಾಲ್ಕು ಮೈಲಿಯಾಚೆ ಸೋತ ಸ್ಲೊವೇನಿಯಾ
ಕುಣಿಯುತ್ತಿದೆ ಎಂದ ಪೆಟ್ರಿ.
ಫೇರೋ ಹುಡುಗಿಯರಿಗೆ ಅದ್ಯಾವುದೂ ಗೊತ್ತಿಲ್ಲ.
ಯಾರನ್ನೋ ಮನೆಗೆ ಕಳಿಸಿದೆವೆಂದು
ಅವರಿಗೆ ಯಾರು ಹೇಳಬೇಕು?

ಜಾರ್ಜಿಯಾದ ತೆಕ್ಲೆ, ಹತ್ತನೆಯ ನಂಬರು,
ಒಂದು ಬೂಟು ಕೈಯಲ್ಲಿ ಹಿಡಿದು ಬೋರ್ಡಿನ ಕೆಳಗೆ ಬಂದು ನಿಂತಳು.
ತಗಡನ್ನಲ್ಲ, ನನ್ನನ್ನು ನೋಡಿದಳು.
'ನಾನೇನು ಮಾಡ್ಲೇ ಮಗಾ,' ಎಂದೆ. ಕನ್ನಡದಲ್ಲೇ ಬಂತು.
ಅವಳೂ ಅವಳ ಭಾಷೆಯಲ್ಲಿ ಏನೋ ಅಂದಳು.
ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಕತ್ತಲಾಗುವ ಮೊದಲು ಐದನ್ನು ಇಳಿಸಿದೆ.
ಒಂದಕ್ಕೆ ಕೈ ಹಾಕಿದೆ, ಗಾಳಿಗೆ ಕೊಕ್ಕೆ ಬಿಗಿದಿತ್ತು.
'ನಾಳೆ ತೆಗಿ,' ಎಂದ ಪೆಟ್ರಿ, ದೀಪ ಆರಿಸುತ್ತ.
ಮರುದಿನ ಮಾತ್ರೆ ಎಣಿಸುವಾಗ ನೋಡಿದೆ:
ಬಲಗೈ ಹೆಬ್ಬೆರಳ ಉಗುರಿನಡಿ ಬಿಳಿ ಬಣ್ಣದ ಚೂರು,
ಸ್ವಲ್ಪ ತುಕ್ಕು.