ನಲವತ್ತೈದು

ರಾತ್ರಿ ಹನ್ನೊಂದಾದ್ರೂ ಶಹಾಬಾದದ ಪರಸಿ
ಹಗಲಿನ ಬಿಸಿಲು ಬಿಟ್ಟುಕೊಟ್ಟಿಲ್ಲ.
ಎಲ್ಲರೂ ಮಾಳಿಗಿ ಮ್ಯಾಲ ಮಲಗ್ಯಾರ.
ಕೆಳಗ ನಾನು, ಅಡ್ಡ ಮಲಗಿಸಿದ ಸಿಪಿಯು ಡಬ್ಬಿ.
ಅದರ ಬಾಜೂದ ತಗಡು ಬಿಚ್ಚಿ ಗ್ವಾಡಿಗಿ ಆನಿಸೀನಿ,
ಹೊಟ್ಟಿಗಿ ನೇರ ಟೇಬಲ್ ಫ್ಯಾನು.

ಚಿತ್ತಾಪುರದ ಮದುವಿ, ನಾಲ್ಕು ತಾಸಿನ ವಿಡಿಯೋ.
ಮದುಮಗಳ ಅಣ್ಣ ಮೂರು ಸಲ ಫೋನ್ ಮಾಡ್ಯಾನ.
"ಆಗ್ಲಾಕತ್ತದ ರೀ" ಅಂದೀನಿ.
ಎಪ್ಪತ್ತೊಂದು ಪರ್ಸೆಂಟಿಗಿ ಪರದಿ ನೀಲಿ.
ಮತ್ತ ಹಚ್ಚಿದ್ರ ಮೂವತ್ತಕ್ಕ.
ಮತ್ತ ಹಚ್ಚಿದ್ರ,
ಅಕ್ಕಿಕಾಳು ಒಗದವರ ಕೈ ಇನ್ನಾ ಮ್ಯಾಲೇ,
ಕಾಳು ಗಾಳ್ಯಾಗೇ, ಇಬ್ಬರ ತಲಿಗೂ ಬೀಳದೆ
ಹಂಗೇ ನಿಂತಾವ. ಮೌಸ್ ಅಲುಗಂಗಿಲ್ಲ.

ಒಂದೇ ಜಾಗಕ್ಕ ಕೆಟ್ಟಿದ್ರ ಕ್ಲಿಪ್ಪಿನ ತಪ್ಪು ಅಂತಿದ್ದೆ.
ಸಲಕ್ಕೊಂದು ಕಡಿ ಬೀಳ್ತದಂದ್ರ ತಪ್ಪು ನಂದು.
ನಲವತ್ತೆರಡರಾಗ ಸುಮ್ನ ಓಡೂದನ್ನ
ನಲವತ್ತೆಂಟಕ್ಕ ಏರಿಸಿದಾಂವ ನಾನು.
ವಾಡಿಯ ತೌಸೀಫನ ಬಲ್ಲಿ ಇದೇ ಪ್ರೊಸೆಸರ್,
ಒಂದೇ ಅಂಗಡಿ, ಒಂದೇ ದಿನ, ಒಂದೇ ರೊಕ್ಕ.
ಅವಂದು ನಲವತ್ತೆಂಟಕ್ಕ ಗುಂಯ್ ಅಂತದ.
ನನಗ ಹೊಟ್ಟಿಕಿಚ್ಚು. ಅದಕ್ಕ ಯಾವ ಫ್ಯಾನೂ ಇಲ್ಲ.

ಮೊದಲು ಬಿಸಿಲಿಗಿ ಬೈದೆ. ನಮ್ಮ ಕಡಿ
ಯಾರ ತಪ್ಪಿಗೂ ಬಿಸಿಲೇ ಜಾಮೀನು.
ಹೀಟ್‌ಸಿಂಕ್ ತಗದೆ, ಹಳೇ ಪೇಸ್ಟ್ ಒಣಗಿ ಸುಣ್ಣಾಗಿತ್ತು.
ಹರಕ ಬನಿಯನ್ನು ಸ್ಪಿರಿಟಿನಾಗ ಅದ್ದಿ ವರಸಿ
ಕಡ್ಲಿಕಾಳಿನಷ್ಟು ಹೊಸಾದಿಟ್ಟು ಒತ್ತಿದೆ.
ತೊಂಬತ್ತಾರು ಇದ್ದದ್ದು ಎಂಬತ್ತೊಂದಕ್ಕ ಇಳೀತು.
ಖುಷಿಲೆ ಚಾ ಕುಡದೆ.
ಕಪ್ಪು ಕೆಳಗಿಡೂದ್ರಾಗ ನೀಲಿ.

ಆಮ್ಯಾಲ ಕರೆಂಟಿಗಿ ಬೈದೆ.
ಆಮ್ಯಾಲ ಸಿಟ್ಟಿಲೆ ಒಮ್ಮೆಲೇ ಮೂರು ಬದಲಿ ಮಾಡಿದೆ,
ವೋಲ್ಟೇಜ್ ಏರಿಸಿ, ರ‍್ಯಾಮ್ ಜೋರು ಇಳಿಸಿ, ಇನ್ನೊಂದೇನೋ,
ಈಗ ನೆನಪಿಲ್ಲ.
ಪರದಿನೇ ಬರಲಿಲ್ಲ. ಮೂರರಾಗ ಯಾವುದು ಕೆಡಿಸ್ತು
ಯಾರಿಗಿ ಕೇಳ್ಲಿ?
ಬೋರ್ಡಿನ ಗುಂಡ ಬ್ಯಾಟರಿ ಕಿತ್ತು
ಮೂವತ್ತು ಎಣಿಸಿ ತಿರುಗಿ ಕೂಡಿಸಿದೆ.
ಎಚ್ಚರಾದ ಕೂಡ್ಲೆ ಅದು ಹೇಳ್ತು,
ಇವತ್ತು ಎರಡು ಸಾವಿರದ ಹದಿನೇಳು, ಜನವರಿ ಒಂದು.
ಆ ಜನವರ್ಯಾಗ ಅಪ್ಪನ ಎಡಗಿವಿ ಇನ್ನಾ ಕೇಳ್ತಿತ್ತು.
ತಾರೀಖು ತಿದ್ದಿದೆ. ಎಫ್ ಟೆನ್ ಒತ್ತಿದೆ.

ಎರಡಕ್ಕ ಅಪ್ಪ ನೀರು ಕುಡೀಲಾಕ ಇಳಿದ.
ಕಲ್ಲು ಕೊಯ್ಯೂ ಮಷೀನಿನ ಮುಂದ
ಇಪ್ಪತ್ತೆರಡು ವರ್ಷ ನಿಂತಾಂವ.
ಡಬ್ಬಿ ಮ್ಯಾಲ ಅಂಗೈ ಇಟ್ಟ. ಇಟ್ಟುಕೊಂಡೇ ನಿಂತ.
"ನಡಗ್ತದ," ಅಂದ.
"ಒಂದೇ ಖಣಿ, ಒಂದೇ ಪದರು. ಒಂದು ಪರಸಿ ಆರಡಿ ಬರ್ತದ,
ಬಾಜೂದ್ದು ನಾಲ್ಕಕ್ಕೇ ಸೀಳ್ತದ.
ಸೀಳಿದ್ದಕ್ಕ ಬಡದ್ರ ಏನ್ ಬಂತು?
ಎಲ್ಲೀತನ ಬರ್ತದೋ ಅಲ್ಲೀತನ ಕೊಯ್ಯಿ."
ತಂಬಿಗಿ ಹಿಡಕೊಂಡು ಮ್ಯಾಲ ಹೋದ.
ನಡಗ್ತಿದ್ದದ್ದು ಟೇಬಲ್ ಫ್ಯಾನು.
ಹೇಳಲಿಲ್ಲ, ಹೇಳಿದ್ರೂ ಕೇಳ್ತಿರಲಿಲ್ಲ.

ಹಾಲಿನ ಲೆಕ್ಕದ ವಹಿ ಹಿಂದುಮುಂದು ಮಾಡಿ
ಕಡೀ ಹಾಳಿಗಿ ಬರದೆ:
ನಲವತ್ತೇಳು, ಹತ್ತು ನಿಮಿಷ.
ನಲವತ್ತಾರು, ನಲವತ್ತು ನಿಮಿಷ.
ನಲವತ್ತಾರು, ವೋಲ್ಟೇಜ್ ಕೂದಲೆಳಿ ಹೆಚ್ಚು,
ಒಂದು ತಾಸು ಐದು ನಿಮಿಷ, ಸತ್ತಿತು.
ಒಂದು ಸಲಕ್ಕ ಒಂದೇ. ಕೈ ತಿಂಡಿ ಬಿಟ್ಟಿತ್ತು.
ನಲವತ್ತೈದು ಅಂತ ಬರದು ಮುಂದ ಜಾಗ ಬಿಟ್ಟು
ಪರಸಿಗೇ ಬೆನ್ನು ಚಾಚಿದೆ. ಈಗ ತಣ್ಣಗಿತ್ತು.

ಎದ್ದಾಗ ಬಾಗಿಲಾಗ ಹಾಲಿನವ.
ಪರದಿ ಮ್ಯಾಲ ನೂರು.
ಓಡಿಸಿ ನೋಡಿದೆ. ಕಾಳು ಬಿದ್ದವು.
ಒಂದು ನೇರ ಮದುಮಗಳ ಕಣ್ಣಿಗಿ.
ಆಕಿ ಮುಖ ಹಿಂಡಿ, ಗಂಡನ ಕಡಿ ನೋಡಿ, ಫಕ್ಕನ ನಕ್ಕಳು.
ಮೂರು ದಿನ ಆ ನಗು ಒಳಗೇ ಸಿಕ್ಕಿಕೊಂಡಿತ್ತು.

ತೌಸೀಫನ ಫೋನು. "ಎಷ್ಟಕ್ಕ ನಿಂತು?"
"ನಲವತ್ತೈದು."
"ಬಿಸಿಲು ಕೇಳಲಿಲ್ಲ ಲೇ," ಅಂದ.