ನಾಲ್ಕು ಪಾಯಿಂಟ್ ಎರಡು

ಚಾರ್ಜರ್ ಕೊಳ್ಳಲೆಂದೇ ಬಾಯಾರಿನಿಂದ ಉಪ್ಪಳಕ್ಕೆ
ಬಸ್ಸು ಹತ್ತಿದ್ದೇನೆ ಅಂದರೆ ಕಂಡಕ್ಟರ್ ನಕ್ಕ.
ಮೊಬೈಲಿನದ್ದಾ ಅಕ್ಕಾ?
ಅಲ್ಲ ಮಾರಾಯ. ಗುಡ್ಡದ ಹೊಟ್ಟೆಯೊಳಗೆ
ಎಂಬತ್ತು ಕೋಲು ಆಚೆ
ಕುಕ್ಕರಗಾಲಲ್ಲಿ ಕೂತು ಸುರಂಗ ಕೊರೆಯುವವನ
ಹಣೆಯ ಮೇಲೆ ಉರಿಯುತ್ತದಲ್ಲ,
ಅದರ ಸೆಲ್ಲಿನದ್ದು.

ಹಳೆಯದು ಸಂತೆಯ ಮಾಲು, ಎಂಬತ್ತು ರೂಪಾಯಿ.
ಅದರ ದೀಪ ಕೆಂಪು. ತುಂಬಿದರೂ ಕೆಂಪು,
ಬರಿದಾದರೂ ಕೆಂಪು,
ಸೆಲ್ಲೇ ಹಾಕದಿದ್ದರೂ ಕೆಂಪು.
ಮೊನ್ನೆ ರಾತ್ರಿ ನೀರಿಗೆಂದು ಎದ್ದವಳ ಮೂಗಿಗೆ
ಏನೋ ಸಿಹಿ ವಾಸನೆ, ನೈಲ್‌ಪಾಲಿಶ್ ಚೆಲ್ಲಿದ ಹಾಗೆ.
ಈ ಮನೆಯಲ್ಲಿ ಉಗುರಿಗೆ ಬಣ್ಣ ಹಚ್ಚುವವರು ಯಾರು?
ನೋಡಿದರೆ ಸೆಲ್ಲು ಕುದಿಯುತ್ತಿದೆ,
ಒಲೆಯಿಂದ ಆಗಷ್ಟೇ ತೆಗೆದ ಗೆಣಸು.
ಸ್ವಿಚ್ಚು ಆರಿಸಿದೆ. ಇಕ್ಕುಳಕ್ಕೆ ಕೈ ಹೋಯಿತು,
ಕಬ್ಬಿಣ ಅಂತ ಹಿಂದೆ ಬಂತು.
ಗೆರಟೆ ಸೌಟಿನಲ್ಲಿ ಎತ್ತಿ
ಅಂಗಳದಾಚೆ ಮುರಕಲ್ಲಿನ ಮೇಲಿಟ್ಟು
ಬೆಳಗಾಗುವ ತನಕ ದೂರ ನಿಂತೆ.
ತನಿಯಪ್ಪ ಏಳಲಿಲ್ಲ.
ಅವನ ತಲೆದಿಂಬಿಗೂ ಆ ಪ್ಲಗ್ಗಿಗೂ ಒಂದೇ ಗೇಣು.

ಮೊಯ್ದಿನಬ್ಬರ ಅಂಗಡಿಯಲ್ಲಿ
ಮರಳು ತುಂಬಿದ ಡಬ್ಬಿ ಮುಂದಿಟ್ಟೆ.
ಒಳಗಿದ್ದ ಸೆಲ್ಲನ್ನು ಅವರು ಮುಟ್ಟಲಿಲ್ಲ.
ಲೇಬಲ್ಲು ಮಾತ್ರ ಕನ್ನಡಕ ಏರಿಸಿ ಓದಿದರು:
ಒಂಬತ್ತು ಸಾವಿರದ ಎಂಟುನೂರು!
ಬರೆಯಲಿಕ್ಕೆ ಏನು ಖರ್ಚು ಹೇಳಿ,
ಈ ಗಾತ್ರದ್ದರಲ್ಲಿ ಮೂರೂವರೆ ಸಾವಿರ ಹಿಡಿದರೆ ದೊಡ್ಡದು.
ಲೇಬಲ್ಲು ಸುಳ್ಳು ಹೇಳುತ್ತದೆ, ಮೀಟರು ಹೇಳುವುದಿಲ್ಲ.
ಹಳೆ ಚಾರ್ಜರಿನ ಎರಡು ತುದಿಗೆ
ಕೆಂಪು ಸೂಜಿ, ಕಪ್ಪು ಸೂಜಿ.
ನಾಲ್ಕು ಪಾಯಿಂಟ್ ಆರು.
ನಾಲ್ಕು ಪಾಯಿಂಟ್ ಎರಡಕ್ಕೆ ಕೈ ಎತ್ತಬೇಕಿತ್ತು ಇದು,
ಎತ್ತಲು ಇದಕ್ಕೆ ಕೈಯೇ ಇಟ್ಟಿಲ್ಲ.

ನನ್ನ ನಾದಿನಿ ನೆನಪಾದಳು.
ಎಲೆಗೆ ಅಂಗೈ ಅಡ್ಡ ಹಿಡಿದರೂ
ಬೆರಳ ಸಂದಿಯಲ್ಲಿ ಪಾಯಸ ಸುರಿಯುವವಳು.

ಮೂರು ಬಗೆ ತೋರಿಸಿದರು.
ಒಂದು ಹಗುರ, ಒಳಗೆ ಏನೋ ಗಡಗಡ; ಬೇಡ.
ಒಂದು ಗಂಟೆಯಲ್ಲಿ ತುಂಬುತ್ತದಂತೆ ಮತ್ತೊಂದು;
ಅಷ್ಟು ಅವಸರ ನಮಗಿಲ್ಲ,
ನೀರು ಸಿಗಲು ಎರಡು ವರ್ಷ ಕಾದ ಸುರಂಗಗಳಿವೆ.
ಮೂರನೆಯದಕ್ಕೆ ಎರಡು ಮನೆ, ಎರಡು ದೀಪ,
ಒಂದೊಂದು ಸೆಲ್ಲಿಗೂ ಬೇರೆ ಬೇರೆ ಲೆಕ್ಕ.
ತುಂಬಲು ಸ್ವಲ್ಪವೇ ಬಾಕಿ ಇದ್ದ ಸೆಲ್ಲು ಹಾಕಿ
ಮೀಟರು ಹಿಡಿದರು. ನಾವಿಬ್ಬರೂ ಬಗ್ಗಿ ನೋಡಿದೆವು,
ತೊಟ್ಟಿಲಲ್ಲಿ ಮಗು ನೋಡುವವರ ಹಾಗೆ.
ನಾಲ್ಕು ಪಾಯಿಂಟ್ ಒಂದು ಎಂಟು. ಚಹಾ ಬಂತು.
ಒಂದು ಒಂಬತ್ತು. ಚಹಾ ಆರಿತು.
ಎರಡು ಸೊನ್ನೆ.
ಹಸಿರು.
ಆಮೇಲೆ ಅದು ಒಂದು ಕೂದಲೂ ಏರಲಿಲ್ಲ.

ಒಂಬೈನೂರ ಐವತ್ತು.
ಹೊಸ ಸೆಲ್ಲಿನ ದುಡ್ಡು ಬೇರೆ.

ಮೇಲಿನ ಸಿಪ್ಪೆ ಹರಿದ ಸೆಲ್ಲು ಹಾಕಬೇಡಿ ಅಂದರು,
ಚಾಪೆಯ ಮೇಲಿಡಬೇಡಿ, ಹಾಕಿ ಮಲಗಬೇಡಿ.
ಈಗ ಅದರ ಜಾಗ ಅಡಿಗೆಮನೆಯ ಕಡೆಗಲ್ಲು.
ಸಂಜೆ ಸಾರು ಕುದಿಯುವಾಗ ಹಾಕುತ್ತೇನೆ,
ಒಂದು ಕಣ್ಣು ಸಾರಿನ ಮೇಲೆ, ಒಂದು ಇದರ ಮೇಲೆ.

ಬೆಳಿಗ್ಗೆ ಸುರಂಗದ ಬಾಯಲ್ಲಿ
ಹೆಡಿಗೆ ಹಿಡಿದು ನಿಲ್ಲುವವಳು ನಾನೇ.
ಅವನು ಒಳಸರಿಯುತ್ತಾನೆ, ಬಿಳಿ ಬೆಳಕು
ಬಿಂದಿಯಷ್ಟಾಗಿ ತಿರುವಿನಲ್ಲಿ ಇಲ್ಲವಾಗುತ್ತದೆ.
ಒಳ್ಳೆಯ ಬೆಳಕು, ನಿಜ. ಆದರೆ ಅದಕ್ಕೆ ಉಸಿರು ಬೇಡ,
ಗಾಳಿ ಮುಗಿದಲ್ಲೂ ಉರಿಯುತ್ತದೆ.
ಮೇಣದ ಬತ್ತಿ ಹಾಗಲ್ಲ,
ನಮಗಿಂತ ಮೊದಲು ಅದಕ್ಕೆ ಉಸಿರು ಕಟ್ಟುತ್ತದೆ.
ಹಾಗಾಗಿ ಅವನ ಕಿಸೆಯಲ್ಲಿ ಇವತ್ತಿಗೂ ಒಂದು ತುಂಡು
ಬತ್ತಿ, ಬೆಂಕಿಪೆಟ್ಟಿಗೆ.
ನಾನೇ ತುರುಕಿದ್ದು.

ರಾತ್ರಿ ಚಾರ್ಜರ್ ತಿರುಗಿಸಿ ತಿರುಗಿಸಿ ನೋಡಿ
ಎಷ್ಟಾಯಿತು ಅಂದ.
ಮುನ್ನೂರು, ಅಂದೆ.
ಬೆಲೆಯ ಚೀಟಿ ಬಸ್ಸಿನಲ್ಲೇ ಹರಿದು ಎಸೆದಿದ್ದೆ.